ಏಳು ಕಚ್ಚಿನ ಬಂದೂಕು

ನಮ್ಮ ಮಾವನವರು ಹಳೆಯ ಬಂದೂಕುಗಳನ್ನು ಕೂಡಿಡುತ್ತಾರೆ ಎಂದರೆ ಕೇಳಿದವರು ತಕ್ಷಣ ಒಂದು ದೊಡ್ಡ ಮೀಸೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಮೀಸೆಯಿಲ್ಲ. ಹಣೆಯಲ್ಲಿ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಬಚ್ಚಲಲ್ಲಿ ಜಿರಳೆ ಕಂಡು ನಾನು ಪೊರಕೆ ಎತ್ತಿದರೆ, ‘ಅದರ ಪಾಡಿಗೆ ಅದು ಹೋಗುತ್ತೆ, ಬಿಡಮ್ಮ’ ಎನ್ನುವ ಮನುಷ್ಯ. ಬಟ್ಟೆ ವ್ಯಾಪಾರಿ. ಪೇಟೆಯಲ್ಲಿ ಅವರ ಅಜ್ಜ ಇಟ್ಟ ಅಂಗಡಿಯ ಗಾದಿಯ ಮೇಲೆ ಐವತ್ತು ವರ್ಷ ಕೂತವರು. ಈಗ ಅಲ್ಲಿ ನನ್ನ ಗಂಡ ಕೂರುತ್ತಾರೆ.

ಮೂವತ್ತು ವರ್ಷದ ಹಿಂದೆ ಮದುವೆಯಾಗಿ ನಾನು ಶೇಷಾದ್ರಿಪುರದಿಂದ ಚಾಮರಾಜಪೇಟೆಯ ಈ ಮನೆಗೆ ಬಂದಾಗ ಹಜಾರದ ಗೋಡೆಯ ಮೇಲೆ ಮೂರು ಬಂದೂಕುಗಳು ಒಂದರ ಕೆಳಗೊಂದು ಮಲಗಿದ್ದವು. ಎದುರುಗೋಡೆಯಲ್ಲಿ ದೇವರ ಪಟಗಳು. ನನ್ನನ್ನು ಬಿಡಲು ಬಂದಿದ್ದ ಅಪ್ಪ ಒಂದು ಸಲ ಈ ಗೋಡೆ, ಒಂದು ಸಲ ಆ ಗೋಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ‘ಏನಮ್ಮಾ, ಇವರು ಬಟ್ಟೆ ವ್ಯಾಪಾರದೋರೋ ಪಾಳೇಗಾರರೋ? ನಾನು ಸರಿಯಾಗಿ ವಿಚಾರಿಸಲಿಲ್ಲ ಅನ್ಸುತ್ತೆ’ ಎಂದರು. ಮಾವನವರಿಗೆ ಅದು ಕೇಳಿಸಿತು. ನಗುತ್ತಾ ಬಂದು, ಅಪ್ಪನ ತೋಳು ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ‘ಬನ್ನಿ ಬೀಗರೆ, ಹೆದರ್ಕೋಬೇಡಿ. ಮೂರೂ ಸತ್ತಿವೆ. ಸ್ಟೇಷನ್ನಲ್ಲಿ ಕಾಗದ ಇದೆ.’

ಸತ್ತಿವೆ ಎಂದರೆ ನಿಜವಾಗಿಯೂ ಸತ್ತಿವೆ. ಕಾನೂನಿನ ಪ್ರಕಾರ ಮೂರರ ನಳಿಗೆಗೂ ಸೀಸ ಕಾಯಿಸಿ ಹುಯ್ದು, ಒಳಗಿನ ಸೂಜಿ ಕಿತ್ತು, ಇನ್ನು ಯಾವ ರಿಪೇರಿಯಿಂದಲೂ ಇವು ಗುಂಡು ಹಾರಿಸಲಾರವು ಎಂದು ಬರೆಸಿಕೊಂಡ ಮೇಲೆಯೇ ಅವು ಗೋಡೆ ಹತ್ತಿದ್ದು. ಮೂರೂ ಅಮೆರಿಕದವು. ಅಲ್ಲಿನ ಸೈನ್ಯ ಪಶ್ಚಿಮದ ಹುಲ್ಲುಗಾವಲುಗಳ ಕಡೆ ಕುದುರೆ ಏರಿ ಹೋಗುತ್ತಿದ್ದ ಕಾಲದವು. ಮಾವನವರು ತಮ್ಮ ಜೀವಮಾನದಲ್ಲಿ ಶ್ರೀಶೈಲದಿಂದಾಚೆಗೆ ಹೋದವರಲ್ಲ. ಕುದುರೆಯ ಮೇಲೆ ಕೂತವರೂ ಅಲ್ಲ. ಆದರೆ ಅವರ ಬಾಯಲ್ಲಿ ಆ ಹುಲ್ಲುಗಾವಲಿನ ಮಾತು ಕೇಳಿದರೆ, ನಿನ್ನೆ ಸಂಜೆ ಅಲ್ಲಿಂದಲೇ ಬಂದು ಕಾಲು ತೊಳೆದರೇನೋ ಎನಿಸಬೇಕು.

ಮೊದಲ ಬಂದೂಕು ಸಿಕ್ಕ ಕತೆಯೂ ಬಟ್ಟೆಯ ಕತೆಯೇ. ಕಂಟೋನ್ಮೆಂಟಿನ ಕಡೆ ಹಳೆ ಬಂಗಲೆಗಳ ಸಾಮಾನು ಹರಾಜಾಗುತ್ತಿದ್ದ ಕಾಲ. ಯಾವುದೋ ಬಂಗಲೆಯಿಂದ ಮಿಲಿಟರಿ ಖಾಕಿಯ ದಪ್ಪ ಗಂಟೊಂದು ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ ಮಾವನವರು ಅದನ್ನು ನೋಡಲು ಹೋದರು. ಗಂಟು ಬಿಚ್ಚುವಂತಿಲ್ಲ, ಹೇಗಿದೆಯೋ ಹಾಗೇ ಕೊಳ್ಳಬೇಕು. ಅವರು ಹೊರಗಿನ ಸುತ್ತನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ತಿಕ್ಕಿದರು, ಅಷ್ಟೇ. ಒಳ್ಳೆ ಬಟ್ಟೆ ಎಂದು ಗೊತ್ತಾಯಿತು, ಕೊಂಡು ತಂದರು. ಅಂಗಡಿಯಲ್ಲಿ ಬಿಚ್ಚುತ್ತಾ ಹೋದರೆ ಹೊಟ್ಟೆಯಲ್ಲಿ ಬಂದೂಕು. ಪೇಟೆಯ ಅರ್ಧ ಜನ ನೋಡಲು ಸೇರಿದರಂತೆ. ಅವರಪ್ಪ ಮಾತ್ರ ಬಟ್ಟೆಯನ್ನು ತಡವಿ ನೋಡಿ, ‘ಮಾಲು ಚೆನ್ನಾಗಿದೆ’ ಎಂದು ಹೇಳಿ ಗಾದಿಗೆ ಹೋಗಿ ಕೂತರಂತೆ.

ಅದೇ ಏಳು ಕಚ್ಚಿನ ಬಂದೂಕು. ಅದರ ಬೆನ್ನಿನ ಮೇಲೆ ಒಂದು ಕಬ್ಬಿಣದ ಮುಚ್ಚಳವಿದೆ, ಕುಂಕುಮದ ಭರಣಿಯ ಹಾಗೆ ಎತ್ತಿದರೆ ತೆರೆಯುತ್ತದೆ. ಅಲ್ಲಿ ಒಂದೇ ಒಂದು ತೋಟಾ ಇಟ್ಟು ಮುಚ್ಚಬೇಕು, ಹಾರಿಸಬೇಕು, ಮತ್ತೆ ತೆರೆಯಬೇಕು. ಹೆಗಲಿಗೆ ಆನಿಸುವ ಮರದ ಬುಡದಲ್ಲಿ, ಎಡಮಗ್ಗುಲಿಗೆ, ಯಾರೋ ಚಾಕುವಿನಿಂದ ಕೊರೆದ ಏಳು ಕಚ್ಚುಗಳಿದ್ದವು. ಆರು ಒಂದೇ ಅಳತೆಯವು. ಏಳನೆಯದು ಸ್ವಲ್ಪ ದೂರ ಸರಿದು, ಸೊಟ್ಟಗೆ ಇತ್ತು. ಉಳಿದೆರಡು ಬಂದೂಕುಗಳನ್ನು ಅವರು ಆಮೇಲೆ ಇಪ್ಪತ್ತು ವರ್ಷಗಳ ಅಂತರದಲ್ಲಿ ಹುಡುಕಿ ತಂದರು. ಮೂರೇ ಮೂರಿದ್ದರೂ ‘ನನ್ನ ಕಲೆಕ್ಷನ್’ ಎನ್ನುವರು. ಆದರೆ ಜೀವವಿದ್ದದ್ದು ಮೊದಲನೆಯದರ ಮೇಲೆ.

ಸಂಜೆ ದೀಪ ಹಚ್ಚಿದ ಮೇಲೆ ಆ ಬಂದೂಕನ್ನು ಗೋಡೆಯಿಂದ ಇಳಿಸಿಕೊಂಡು, ನಡುಮನೆಯ ಉಯ್ಯಾಲೆ ಮಣೆಯ ಮೇಲೆ ತೊಡೆಗೆ ಅಡ್ಡಲಾಗಿಟ್ಟುಕೊಂಡು ಕೂರುವುದು ಅವರ ರೂಢಿ. ನಾನು ಕೆಳಗೆ ಕೂತು ಮಾರನೆಯ ದಿನದ ಹುರುಳಿಕಾಯಿಯನ್ನೋ ಅವರೆಕಾಳನ್ನೋ ಬಿಡಿಸುತ್ತಿದ್ದೆ. ಅತ್ತೆ ಇದ್ದಷ್ಟು ದಿನ ಅವರೂ ಇರುತ್ತಿದ್ದರು, ಅರ್ಧ ಕೇಳುತ್ತಾ ಅರ್ಧ ತೂಕಡಿಸುತ್ತಾ. ಮಾವನವರು ಅಗಸೆ ಎಣ್ಣೆಯ ಒಂದು ತೊಟ್ಟನ್ನು ಚಿಂದಿಗೆ ಹಾಕಿಕೊಂಡು ಮರವನ್ನು ಒರೆಸುತ್ತಾ ಮಾತು ಶುರುಮಾಡುವರು. ಕಚ್ಚುಗಳ ಕತೆ ದಿನಕ್ಕೊಂದು. ಒಂದು ದಿನ ಅವು ಆ ಸಿಪಾಯಿ ಮನೆಯಿಂದ ದೂರ ಕಳೆದ ಏಳು ಚಳಿಗಾಲ. ಇನ್ನೊಂದು ದಿನ ಅವನು ಏರಿ ಬದಲಿಸಿದ ಏಳು ಕುದುರೆ. ಮತ್ತೊಂದು ದಿನ ಉತ್ತರ ಬಾರದ ಏಳು ಕಾಗದ. ಏಳನೆಯ ಕಚ್ಚು ಸೊಟ್ಟಗಿರುವುದಕ್ಕೂ ಒಂದೊಂದು ದಿನ ಒಂದೊಂದು ಕಾರಣ. ಕೈ ನಡುಗಿತು, ಚಾಕು ಮೊಂಡಾಗಿತ್ತು, ಕಣ್ಣಲ್ಲಿ ನೀರಿತ್ತು.

ಒಂದು ಸಲ ನಾನೇ ಬಾಯಿಬಿಟ್ಟೆ. ‘ಮಾವ, ಕೊಂದ ಜನರನ್ನ ಎಣಿಸಿ ಕೊರೆದಿರಬಹುದಲ್ವಾ?’

ಅವರು ಒರೆಸುವುದನ್ನು ನಿಲ್ಲಿಸಿದರು. ‘ಇರಬಹುದಮ್ಮ’ ಎಂದರು. ‘ಅದು ಬೇರೆಯವರ ನೆಲ. ಅವರನ್ನ ಒಕ್ಕಲೆಬ್ಬಿಸೋದಕ್ಕೇ ಈ ಸಿಪಾಯಿಗಳು ಇದನ್ನ ಹೊತ್ಕೊಂಡು ಹೋಗಿದ್ದು. ನನಗೆ ಗೊತ್ತಿಲ್ಲ ಅನ್ಕೊಂಡ್ಯಾ? ಇದರ ಬಾಯಿಗೆ ಸೀಸ ಹುಯ್ಸಿದ ದಿನ ನಾನು ನೆಮ್ಮದಿಯಾಗಿ ಊಟ ಮಾಡ್ದೆ.’ ಆಮೇಲೆ ಚಿಂದಿಯನ್ನು ಮತ್ತೆ ಮರಕ್ಕೆ ತಂದು, ‘ಆದ್ರೂ ಚಳಿಗಾಲ ಅನ್ಕೊಂಡ್ರೆ ನಿದ್ದೆ ಬರುತ್ತೆ’ ಎಂದರು. ಮತ್ತೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಆ ಸಂಜೆಗಳ ಗುಂಗು ಹೇಗೆ ಹೇಳಲಿ? ಹೊರಗೆ ಆಟೋಗಳು ಹಾರನ್ ಹೊಡೆಯುತ್ತಿರುತ್ತಿದ್ದವು, ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. ಒಳಗೆ ಉಯ್ಯಾಲೆಯ ಸರಪಳಿ ಮೆಲ್ಲಗೆ ಕಿರುಗುಟ್ಟುತ್ತಿತ್ತು, ಮಾವನವರ ದನಿ ಇನ್ನೂ ಮೆಲ್ಲಗಿತ್ತು. ಕಾಳು ಬಿಡಿಸುತ್ತಾ ಬಿಡಿಸುತ್ತಾ ನನಗೆ ಕಣ್ಣೆಳೆದರೆ, ಕೆಂಪು ಗಾರೆಯ ನೆಲ ಎಲ್ಲಿಯವರೆಗೋ ಹರಡಿಕೊಳ್ಳುತ್ತಿತ್ತು. ಅದರ ಮೇಲೆ ಸೊಂಟದೆತ್ತರದ ಹುಲ್ಲು. ಹುಲ್ಲಿನಲ್ಲಿ ಒಂದು ಕುದುರೆ, ಅದರ ಮೇಲೆ ಬೆನ್ನು ತಿರುಗಿಸಿ ಕೂತ ಒಬ್ಬ. ಅವನು ಎಂದೂ ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಹಣೆಯ ಮೇಲೆ ವಿಭೂತಿ ಇರುತ್ತಿತ್ತೋ ಏನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕುಕ್ಕರ್ ಮತ್ತೊಮ್ಮೆ ಕೂಗಿದರೆ ಹುಲ್ಲೆಲ್ಲ ಮಡಚಿಕೊಂಡು ಮತ್ತೆ ನೆಲವಾಗುತ್ತಿತ್ತು. ನನಗೆ ಆಗ ಬೇಸರವಾಗುತ್ತಿತ್ತು.

ಆಮೇಲೆ ಮಾವನವರ ಕಣ್ಣು ಹೋಗತೊಡಗಿತು. ಗ್ಲಕೋಮಾ. ಬಸವನಗುಡಿಯ ಡಾಕ್ಟರು ಹನಿ ಹಾಕಿಸಿದರು, ಆಪರೇಷನ್ ಮಾಡಿಸಿದರು, ಕೊನೆಗೆ ‘ಇದ್ದಷ್ಟನ್ನ ಉಳಿಸ್ಕೊಳ್ಳೋಣ’ ಎಂದರು. ಉಳಿಯಲಿಲ್ಲ. ಅಂಚಿನಿಂದ ಕತ್ತಲು ಒಳಕ್ಕೆ ಬರುತ್ತಾ, ನಾಲ್ಕೈದು ವರ್ಷದಲ್ಲಿ ಅವರಿಗೆ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಅದರ ಜೊತೆಗೆ ಮೊದಲಿನಿಂದಲೂ ಇದ್ದ ಸಕ್ಕರೆ ಕಾಯಿಲೆ. ಅದಕ್ಕೂ ಬಸವನಗುಡಿಯಲ್ಲೇ ತೋರಿಸುತ್ತಿದ್ದೆವು, ಪ್ರತಿ ಸಲ ಹೋದಾಗಲೂ ಪಾದಗಳಿಗೆ ಸ್ಪರ್ಶ ತಿಳಿಯುತ್ತದೆಯೇ ಎಂದು ಅಲ್ಲಿ ನೋಡುತ್ತಿದ್ದರು. ‘ಕೆಲವರಿಗೆ ಕೈಕಾಲು ಜೋಮು ಹಿಡಿಯುತ್ತೆ, ಎಚ್ಚರ’ ಎನ್ನುತ್ತಿದ್ದರು. ಮಾವನವರು ಹೆದರಿದ್ದು ಆ ಮಾತಿಗೆ. ಕಣ್ಣು ಹೋದದ್ದಕ್ಕೆ ಅಷ್ಟು ಹೆದರಿರಲಿಲ್ಲ.

ಯಾಕೆಂದರೆ ಅವರ ಇಡೀ ಬದುಕು ಬೆರಳಿನಲ್ಲಿತ್ತು. ಬಟ್ಟೆಯನ್ನು ಒಮ್ಮೆ ತಿಕ್ಕಿದರೆ ಯಾವ ನೂಲು, ಎಷ್ಟು ಗಂಜಿ, ಕೈಮಗ್ಗವೋ ಪವರ್‌ಲೂಮೋ ಎಂದು ಹೇಳಿಬಿಡುತ್ತಿದ್ದರು. ಕಣ್ಣಿದ್ದಾಗಲೂ ಅವರು ಬಟ್ಟೆಯನ್ನು ನೋಡುತ್ತಿದ್ದುದು ಕಡಿಮೆ. ನಾನು ಯಾವ ಬಟ್ಟೆ ಕೊಂಡರೂ ಮೊದಲು ಅವರ ಕೈಗೆ ಕೊಡುವುದು ನಮ್ಮಿಬ್ಬರ ನಡುವಿನ ಒಂದು ಆಟ. ಒಮ್ಮೆ ರೇಷ್ಮೆ ಎಂದು ನಂಬಿ ತಂದ ಸೀರೆಯನ್ನು ಅವರು ಎರಡೇ ಬೆರಳಿನಲ್ಲಿ ತಿಕ್ಕಿ, ‘ಕಂಗ್ರಾಜುಲೇಷನ್ಸ್ ಅಮ್ಮ, ರೇಷ್ಮೆ ಹುಳು ಒಂದೂ ಸಾಯದೇ ಇರೋ ಸೀರೆ ತಂದಿದೀಯ’ ಎಂದಿದ್ದರು. ನಾನು ಮೂರು ದಿನ ಸಿಟ್ಟಿನಲ್ಲಿದ್ದೆ.

ಬಂದೂಕೂ ಹಾಗೆಯೇ. ಕಣ್ಣು ಹೋದ ಮೇಲೆ ಅವರು ಅದನ್ನು ಬೆರಳಿನಿಂದ ನೋಡತೊಡಗಿದರು. ಸಂಜೆ ನಾನೇ ಇಳಿಸಿ ತೊಡೆಯ ಮೇಲಿಡುತ್ತಿದ್ದೆ. ಅವರು ಮುಚ್ಚಳ ತೆರೆದು ಮುಚ್ಚಿ, ನಳಿಗೆಯ ಉದ್ದಕ್ಕೂ ಅಂಗೈ ಎಳೆದು, ಕೊನೆಗೆ ಹೆಬ್ಬೆರಳನ್ನು ಕಚ್ಚುಗಳ ಮೇಲೆ ತಂದು ನಿಲ್ಲಿಸುವರು. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ಮುಖ ಸಡಿಲಾಗುತ್ತಿತ್ತು. ‘ಇದೆಲ್ಲಾ ಕಾಣ್ಸುತ್ತೆ ಕಣಮ್ಮ ನನಗೆ’ ಎನ್ನುವರು. ‘ನಿಮ್ಮ ಯಾರ ಮುಖಾನೂ ಕಾಣ್ಸಲ್ಲ. ಈ ಪುಣ್ಯಾತ್ಮ ಚಾಕು ಹಿಡಿದು ಕೂತಿರೋದು ಕಾಣ್ಸುತ್ತೆ.’

ಈಗ ನಾನು ಮಾಡಿದ ಘನಕಾರ್ಯ ಹೇಳಬೇಕು.

ನಮ್ಮ ಮನೆಯಲ್ಲಿ ಆಯುಧ ಪೂಜೆ ಜೋರು. ಅಂಗಡಿಯ ಕಬ್ಬಿಣದ ಗಜಕೋಲು, ಕತ್ತರಿಗಳು, ಹೊಲಿಗೆ ಯಂತ್ರ, ಈಳಿಗೆಮಣೆ, ಸ್ಕೂಟರ್, ಕಾರು, ಜೊತೆಗೆ ಮೂರು ಬಂದೂಕು. ಹಬ್ಬದ ಹೊತ್ತಿಗೆ ಎಲ್ಲವೂ ಉಜ್ಜಿಸಿಕೊಂಡು ಹೊಸದಾಗಿ ಹೊಳೆಯಬೇಕು ಎನ್ನುವುದು ಅತ್ತೆ ಬಿಟ್ಟುಹೋದ ಕಟ್ಟಳೆ. ಹುಣಸೆಹಣ್ಣು, ರಂಗೋಲಿ ಪುಡಿ ಹಿಡಿದು ನಾನು ಎರಡು ದಿನ ಮೊದಲೇ ಸೆರಗು ಸಿಕ್ಕಿಸುತ್ತಿದ್ದೆ. ಬಂದೂಕುಗಳನ್ನು ಮಾತ್ರ ಮಾವನವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ‘ಇದು ಹೊಸದಾಗೋ ಹಂಗಿಲ್ಲ, ಹೊಸದಾದ್ರೆ ಸತ್ತಂಗೆ’ ಎನ್ನುತ್ತಿದ್ದರು. ಹೇಗೂ ಸತ್ತಿವೆಯಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ತಾವೇ ಚಿಂದಿಯಿಂದ ಒರೆಸಿ, ವಿಭೂತಿ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿ ಮುಗಿಸಿಬಿಡುವರು.

ಕಳೆದ ವರ್ಷ ಹಬ್ಬಕ್ಕೆ ಮುಂಚೆ ಉಯ್ಯಾಲೆ ಮಣೆಗೂ ಮುಂಬಾಗಿಲಿಗೂ ಪಾಲಿಶ್ ಹಾಕಿಸಲು ಒಬ್ಬರನ್ನು ಕರೆಸಿದ್ದೆ. ವಯಸ್ಸಾದವರು, ಕೆಲಸದಲ್ಲಿ ಅಚ್ಚುಕಟ್ಟು. ಮಾವನವರು ಒಳಗೆ ಮಲಗಿದ್ದರು. ಗೋಡೆಯ ಮೇಲಿನ ಆ ಮೊದಲ ಬಂದೂಕು ಕಣ್ಣಿಗೆ ಬಿತ್ತು. ಮಾವನವರಿಗೆ ಕಣ್ಣು ಕಾಣದ ಮೇಲೆ ಅದರ ಮೇಲೆ ಎಣ್ಣೆ, ಧೂಳು ಎರಡೂ ಸೇರಿ ಜಿಡ್ಡು ಕಟ್ಟಿತ್ತು. ಪಾಪ, ಎಷ್ಟು ಮಂಕಾಗಿಬಿಟ್ಟಿದೆ, ಹಬ್ಬದ ದಿನ ನಾಲ್ಕು ಜನ ಬಂದಾಗ ಚೆನ್ನಾಗಿ ಕಾಣಲಿ, ಮಾವನಿಗೂ ಸಂತೋಷವಾದೀತು ಎಂದುಕೊಂಡೆ. ಸಂತೋಷಪಡಲು ಅವರಿಗೆ ಕಣ್ಣೇ ಇಲ್ಲ ಎನ್ನುವುದು ಆ ಗಳಿಗೆಯಲ್ಲಿ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಬಂದೂಕನ್ನು ಇಳಿಸಿ ಪಾಲಿಶ್‌ನವರ ಮುಂದಿಟ್ಟು, ‘ಇದಕ್ಕೂ ಒಂದು ಕೈ ಹಾಕಿಬಿಡಿ, ಹೊಸದರ ಥರ ಆಗ್ಬೇಕು’ ಎಂದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಅಡುಗೆಮನೆಯಲ್ಲಿ ಫೋನಿನಲ್ಲಿದ್ದೆ. ಹೂವಿನವಳ ಹತ್ತಿರ ಸೇವಂತಿಗೆಯ ಮಾರು, ಬೂದುಗುಂಬಳ ಎಲ್ಲ ಹೇಳುತ್ತಿದ್ದೆ. ಪಾಲಿಶ್‌ನವರು ಬಾಗಿಲಿಗೆ ಬಂದು, ‘ಅಮ್ಮಾ, ಮರದಲ್ಲಿ ಗೀರುಗಳಿವೆ, ತುಂಬಿಬಿಡ್ಲಾ?’ ಎಂದು ಕೇಳಿದರು. ಯಾವ ಮರ ಎಂದು ನಾನು ಕೇಳಬೇಕಿತ್ತು. ಫೋನಿಗೆ ಕೈ ಅಡ್ಡ ಹಿಡಿದು, ‘ಹೂಂ, ಎಲ್ಲಾ ತುಂಬಿಬಿಡಿ’ ಎಂದೆ.

ಸಂಜೆ ನೋಡಿದರೆ ಬಂದೂಕು ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ನನಗೆ ಆದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ. ಗೋಡೆಗೆ ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ. ಆಮೇಲೆ ಎಡಮಗ್ಗುಲಿನತ್ತ ಕಣ್ಣು ಹೋಯಿತು. ಪಾಲಿಶ್‌ನವರು ಮೊದಲು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಉಳಿದ ತಗ್ಗಿಗೆಲ್ಲ ಲಪ್ಪಂ ತುಂಬಿ, ಅದರ ಮೇಲೆ ಅರಗಿನ ಪಾಲಿಶ್ ಎಳೆದಿದ್ದರು. ಅಚ್ಚುಕಟ್ಟು ಕೆಲಸ. ಏಳು ಕಚ್ಚುಗಳಲ್ಲಿ ಒಂದೂ ಇರಲಿಲ್ಲ. ಹಾಗೇ ಉಯ್ಯಾಲೆಯ ಮೇಲೆ ಕೂರಲು ಹೋದೆ. ಅದರ ಪಾಲಿಶ್ ಇನ್ನೂ ಒಣಗಿರಲಿಲ್ಲ, ಸೀರೆ ಅಂಟಿಕೊಂಡಿತು.

ಎರಡು ದಿನ ಪಾಲಿಶ್ ಒಣಗಬೇಕು ಎನ್ನುವ ನೆಪದಲ್ಲಿ ಉಯ್ಯಾಲೆಯೂ ಇಲ್ಲ, ಬಂದೂಕೂ ಇಲ್ಲ. ಮಾವನವರು ಮಧ್ಯಾಹ್ನ ಮಲಗಿದಾಗ ನಾನು ಸೇಫ್ಟಿ ಪಿನ್ನಿನಿಂದ ಒಂದು ಕಚ್ಚನ್ನಾದರೂ ಕೆದಕಿ ತೆಗೆಯಲು ನೋಡಿದೆ. ಕಚ್ಚು ಎಲ್ಲಿತ್ತು ಎಂದೇ ಗೊತ್ತಾಗಲಿಲ್ಲ. ಪಿನ್ನು ಜಾರಿ ಬೇರೆ ಕಡೆ ಕೂದಲಿನಷ್ಟು ಗೆರೆ ಬಿತ್ತು. ಹೆದರಿ ಬಿಟ್ಟುಬಿಟ್ಟೆ.

ಆಯುಧ ಪೂಜೆಯ ಬೆಳಿಗ್ಗೆ ಮನೆ ತುಂಬಾ ಜನ. ಗಂಡನ ಅಣ್ಣತಮ್ಮಂದಿರು, ಓರಗಿತ್ತಿಯರು. ಮಾವನವರು ಮಡಿಯುಟ್ಟು ಉಯ್ಯಾಲೆಯ ಮೇಲೆ ಕೂತು ಕೈ ಚಾಚಿದರು. ನನ್ನ ಗಂಡ ಬಂದೂಕು ತಂದು ತೊಡೆಯ ಮೇಲಿಟ್ಟರು. ಎಲ್ಲರೂ ‘ಅಬ್ಬಾ, ಎಷ್ಟು ಹೊಳೀತಿದೆ’ ಎಂದರು. ಮಾವನವರು ಮರದ ಮೇಲೆ ಅಂಗೈ ಎಳೆದು, ‘ಎಣ್ಣೆ ಹಚ್ಚಿದ್ಯಾ ಅಮ್ಮಾ?’ ಎಂದರು. ನಾನು ‘ಹೂಂ ಮಾವ’ ಎಂದೆ. ಅವರ ಹೆಬ್ಬೆರಳು ಎಡಮಗ್ಗುಲಿಗೆ ಇಳಿಯಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಇನ್ನೊಂದು ಸಲ ಹೋಯಿತು. ಅವರು ಬಂದೂಕನ್ನು ತಿರುಗಿಸಿ ಬಲಮಗ್ಗುಲನ್ನೂ ತಡವಿದರು. ಆಮೇಲೆ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ಊದಿ, ಪಂಚೆಗೆ ಒರೆಸಿ, ಮತ್ತೆ ಇಟ್ಟು ನೋಡಿದರು. ಅಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ, ಕರ್ಪೂರ ಎಲ್ಲಿ ಎಂದು ಯಾರೋ ಕೂಗುತ್ತಿದ್ದರು.

ವಿಭೂತಿ ಇಡುವಾಗ ಅವರ ಕೈ ಸರಿಯಾಗಿಯೇ ಮೂರು ಎಳೆ ಎಳೆಯಿತು. ಜನ ಕುಂಬಳಕಾಯಿ ಒಡೆಯಲು ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ಬಹಳ ಮೆಲ್ಲಗೆ ಹೇಳಿದರು. ‘ಕಣ್ಣಾಯ್ತು. ಈಗ ಬೆರಳೂ ಹೋಯ್ತು ಕಣಮ್ಮ.’

ಆಗ ಹೇಳಬೇಕಿತ್ತು. ಒಂದೇ ವಾಕ್ಯದ ಕೆಲಸ. ಹೊರಗೆ ಜನರಿದ್ದಾರೆ, ಹಬ್ಬ ಕೆಡುತ್ತದೆ, ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಅವರು ಬೇಗ ಮಲಗಿದರು. ಮಾರನೆಯ ದಿನ ವಿಜಯದಶಮಿ. ಅದರ ಮಾರನೆಯ ದಿನಕ್ಕೆ ನನ್ನ ತಪ್ಪು ಎರಡಾಗಿತ್ತು, ಮರ ಕೆಡಿಸಿದ್ದು ಒಂದು, ಮುಚ್ಚಿಟ್ಟದ್ದು ಒಂದು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನಾನು ಹೇಡಿ ಎಂದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಮಾವನವರು ಮತ್ತೆ ಬಂದೂಕು ಕೇಳಲಿಲ್ಲ. ಸಂಜೆ ಉಯ್ಯಾಲೆಯ ಮೇಲೆ ಬರಿಗೈಯಲ್ಲಿ ಕೂರುವರು. ಕತೆಯೂ ನಿಂತಿತು. ಕಾಫಿ ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು, ‘ಬಿಸಿ ಸರಿಯಾಗಿ ಗೊತ್ತಾಗ್ತಿಲ್ಲ ನನಗೆ’ ಎನ್ನುವರು. ಭಯ ಒಳಹೊಕ್ಕರೆ ಬೆರಳು ನಿಜವಾಗಿಯೂ ಮಂಕಾಗುತ್ತದೆಯೋ ಏನೋ. ಡಾಕ್ಟರ ಹತ್ತಿರ ಹೋಗೋಣ ಎಂದು ನನ್ನ ಗಂಡ ಕರೆದರೆ, ‘ಇನ್ನೊಂದು ಕೆಟ್ಟ ಸುದ್ದಿ ಕೇಳೋಕೆ ಬಸವನಗುಡಿವರೆಗೂ ಯಾಕೆ ಹೋಗ್ಬೇಕು? ಇಲ್ಲೇ ಗೊತ್ತಾಗಿದೆ’ ಎಂದು ಬಿಟ್ಟರು. ಅವರ ಮನಸ್ಸನ್ನು ಬೇರೆ ಕಡೆ ತಿರುಗಿಸೋಣ ಎಂದು ನಾನು ಗಾಂಧಿ ಬಜಾರಿನಿಂದ ಒಂದು ಹೊಸ ಬೆಡ್‌ಶೀಟ್ ತಂದೆ. ಪೂರ್ತಿ ಕಾಟನ್ ಎಂದು ಅಂಗಡಿಯವನು ಆಣೆಯಿಟ್ಟು ಹೇಳಿದ್ದ. ಎಂದಿನಂತೆ ಅವರ ಮುಂದೆ ಹಿಡಿದು, ‘ನೋಡಿ ಮಾವ, ಪೂರ್ತಿ ಕಾಟನ್, ಹೇಗಿದೆ?’ ಎಂದೆ. ಅವರು ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡರು. ‘ನನ್ನ ಕೈನ ಕೇಳ್ಬೇಡಮ್ಮ. ಅದು ರಿಟೈರ್ ಆಯ್ತು.’ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೆಲ ಈಗ ನೆಲವಾಗಿಯೇ ಇರುತ್ತಿತ್ತು, ಎಷ್ಟು ತೂಕಡಿಸಿದರೂ ಹುಲ್ಲು ಬೆಳೆಯುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅವರು ಬಂದೂಕುಗಳನ್ನು ಕೊಟ್ಟುಬಿಡುವ ಮಾತೆತ್ತಿದರು. ಕುಮಾರ ಪಾರ್ಕಿನಲ್ಲಿ ಅವರ ಪರಿಚಯದ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರಿದ್ದಾರೆ, ಅವರಿಗೂ ಇದೇ ಹುಚ್ಚು. ಏಳು ಕಚ್ಚಿನ ಬಂದೂಕನ್ನು ಎಷ್ಟೋ ಸಲ ಕೇಳಿದ್ದರು. ‘ನೋಡೋರ ಮನೇಲಿ ಇರಲಿ’ ಎಂದರು ಮಾವ. ನನ್ನ ಗಂಡ ಎಷ್ಟು ಹೇಳಿದರೂ ಕೇಳಲಿಲ್ಲ. ಠಾಣೆಗೆ ಪತ್ರ ಬರೆಸಿದರು. ಎರಡನ್ನು ನನ್ನ ಗಂಡ ಕಾರಿನಲ್ಲಿ ಕೊಟ್ಟು ಬಂದರು. ಮೊದಲನೆಯದನ್ನು ಮಾತ್ರ ಕಾರ್ತಿಕ ಸೋಮವಾರ ತಾವೇ ಒಯ್ಯುವುದಾಗಿ ಹಟ ಹಿಡಿದರು. ಸೋಮವಾರ ಅಂಗಡಿ ಬಿಡುವ ಹಾಗಿಲ್ಲ. ಹಾಗಾಗಿ ನಾನು, ಮಾವನವರು, ಬಂದೂಕು ಆಟೋ ಹತ್ತಿದೆವು. ಮಾವನವರಿಗೂ ಹೇಳಿ, ಕೈಗೆ ಸಿಕ್ಕಿದ ಆ ಹೊಸ ಬೆಡ್‌ಶೀಟಿನಲ್ಲೇ ಅದನ್ನು ಸುತ್ತಿದ್ದೆ. ‘ಏನಮ್ಮಾ ಅದು, ಕರ್ಟನ್ ರಾಡಾ?’ ಎಂದು ಕೇಳಿದ ಆಟೋದವನಿಗೆ ನಾನು ಹೌದು ಎಂದೆ.

ಬೆಳಗಿನ ಹತ್ತು ಗಂಟೆ, ಬಿಸಿಲಿಗೆ ಇನ್ನೂ ಚಳಿಯ ವಾಸನೆಯಿತ್ತು. ಬಂದೂಕು ನಮ್ಮಿಬ್ಬರ ತೊಡೆಗಳ ಮೇಲೆ ಅಡ್ಡಲಾಗಿ ಮಲಗಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಆ ಅಧಿಕಾರಿ ಬಟ್ಟೆ ಬಿಚ್ಚಿದ ತಕ್ಷಣ, ಅಯ್ಯೋ, ಇದಕ್ಕೆ ಪಾಲಿಶ್ ಮಾಡಿದವರು ಯಾರು ಎಂದು ಕೇಳುತ್ತಾರೆ. ಅದಕ್ಕೆ ಮೊದಲು ನಾನೇ ಹೇಳಬೇಕು. ಮುಂದಿನ ಸಿಗ್ನಲ್ಲಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಸಿಗ್ನಲ್ ಬಂತು, ಹೋಯಿತು. ರೈಲ್ವೆ ಸ್ಟೇಷನ್ ದಾಟಿತು.

ಶೇಷಾದ್ರಿಪುರದ ಕಡೆ ತಿರುಗುವಲ್ಲಿ ಟ್ರಾಫಿಕ್ ನಿಂತಿತು. ಮಾವನವರು, ‘ಬುಡದ ಕಡೆ ಸ್ವಲ್ಪ ಬಟ್ಟೆ ಸರಿಸಮ್ಮ’ ಎಂದರು. ಸರಿಸಿದೆ. ಅವರು ನನ್ನ ಬಲಗೈ ಹುಡುಕಿ ಹಿಡಿದು, ನನ್ನ ಹೆಬ್ಬೆರಳನ್ನು ಮರದ ಎಡಮಗ್ಗುಲಿನ ಮೇಲೆ ತಂದಿಟ್ಟರು. ಜಾಗ ಅವರಿಗೆ ಕರಾರುವಾಕ್ಕಾಗಿ ಗೊತ್ತಿತ್ತು.

‘ನನಗಂತೂ ಗೊತ್ತಾಗಲ್ಲ. ನೀನು ಎಣಿಸಿ ಹೇಳು. ಕೊನೇ ಸಲ ಕೇಳಿಸ್ಕೋತೀನಿ.’

ನನ್ನ ಹೆಬ್ಬೆರಳಿನ ಕೆಳಗೆ ಮರ ಗಾಜಿನಷ್ಟು ನುಣುಪಾಗಿತ್ತು. ‘ಒಂದು’ ಎಂದೆ. ಬೆರಳು ಸರಿಸಿದೆ. ‘ಎರಡು’ ಎಂದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು, ಆ ಕುದುರೆಯವನನ್ನು ಬೀಳ್ಕೊಡುವವರ ಹಾಗೆ. ಮೂರು ಎನ್ನಲು ಬಾಯಿ ತೆರೆದರೆ ಅಳು ಬಂತು.

‘ಇಲ್ಲ ಮಾವ, ಇಲ್ಲಿ ಏನೂ ಇಲ್ಲ’ ಎಂದೆ. ‘ಒಂದೂ ಇಲ್ಲ. ಹಬ್ಬಕ್ಕೆ ನಾನೇ ಪಾಲಿಶ್ ಹಾಕಿಸ್ದೆ. ಉಜ್ಜಿ, ತುಂಬಿಸಿಬಿಟ್ಟೆ. ಅವತ್ತೇ ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು ಮಾವ.’

ಬೈಗುಳ ಬರಲಿಲ್ಲವೆಂದಲ್ಲ. ಮರುದಿನ ಬಂತು. ಎಂಟು ದಿನ ಅವರು ನನ್ನ ಜೊತೆ ಊಟ, ಮಾತ್ರೆ ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ದಿನವಂತೂ, ‘ನೂರೈವತ್ತು ವರ್ಷ ಯಾವ ಯುದ್ಧಕ್ಕೂ ಹಾಳಾಗದೇ ಇದ್ದಿದ್ದು ನಿನ್ನ ಕೈಲಿ ಹಾಳಾಯ್ತು’ ಎಂದು ಕೂಗಿದರು. ಕೂಗಲಿ ಎಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಈಗ ಬಂದೂಕು ಮತ್ತೆ ನಮ್ಮ ಗೋಡೆಯ ಮೇಲಿದೆ, ನಾಚಿಕೆಯಿಲ್ಲದೆ ಹೊಳೆಯುತ್ತಿದೆ. ಸಂಜೆ ಅವರ ತೊಡೆಯ ಮೇಲೂ ಇರುತ್ತದೆ. ಆದರೆ ಅದೆಲ್ಲ ಆಮೇಲಿನ ಮಾತು. ಆ ಆಟೋದಲ್ಲಿ ಅವರು ಬಂದೂಕಿನ ಬಗ್ಗೆ ಒಂದಕ್ಷರವನ್ನೂ ಕೇಳಲಿಲ್ಲ.

ಹಿಂದಿನ ಬಸ್ಸು ಹಾರನ್ ಮಾಡುತ್ತಲೇ ಇತ್ತು. ಅವರು ತಮ್ಮ ಬಲಗೈಯನ್ನು ಮುಖದ ಮುಂದೆ ಎತ್ತಿ ಹಿಡಿದರು, ಕಾಣುತ್ತಿದೆಯೇನೋ ಎನ್ನುವಂತೆ.

‘ಹಂಗಾದ್ರೆ, ನನ್ನ ಬೆರಳು?’

‘ಬೆರಳಿಗೆ ಏನೂ ಆಗಿಲ್ಲ ಮಾವ. ಆಗಿರೋದೆಲ್ಲ ಮರಕ್ಕೆ.’

ಅವರ ಕೈ ನಿಧಾನಕ್ಕೆ ಇಳಿದು ಬಂದು ತೊಡೆಯ ಮೇಲಿನ ಬೆಡ್‌ಶೀಟಿನ ಅಂಚನ್ನು ಹುಡುಕಿತು. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಡಿದು ಒಮ್ಮೆ ತಿಕ್ಕಿದರು. ಬಿಟ್ಟರು. ಇನ್ನೊಮ್ಮೆ ಹಿಡಿದು, ಈ ಸಲ ನಿಧಾನವಾಗಿ, ಕೊನೆಯ ನೂಲಿನವರೆಗೂ ತಿಕ್ಕಿದರು.

‘ಪೂರ್ತಿ ಕಾಟನ್ ಅಂದ್ಯಲ್ಲ ಅವತ್ತು’ ಎಂದರು. ‘ಅರ್ಧಕ್ಕರ್ಧ ಪಾಲಿಸ್ಟರು ಕಣಮ್ಮ. ಚೆನ್ನಾಗಿ ಟೋಪಿ ಹಾಕಿದಾನೆ ನಿನಗೆ.’